ಬಿರುಕಿನಲ್ಲಿ ಖನಿಜ ತುಂಬಿದರೆ ಬಂಡೆ ಗಟ್ಟಿಯಾಗುತ್ತಾ?

ತುಂಬಿರುವುದು ಏನು ಅನ್ನೋದನ್ನು ಮೊದಲು ನೋಡಬೇಕು. ಕ್ವಾರ್ಟ್ಜ್ (ಬೆಣಚುಕಲ್ಲು) ಸಂದಿಯಿಲ್ಲದೆ ತುಂಬಿದ್ದರೆ ಬಿರುಕು ಬಹುಪಾಲು ಬೆಸೆದುಕೊಂಡಿರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಕ್ವಾರ್ಟ್ಜ್ 7, ಚಾಕುವಿನಿಂದ ಗೀರಿದರೂ ಗುರುತು ಬೀಳುವುದಿಲ್ಲ. ಸುಣ್ಣದ ಖನಿಜವಾದ ಕ್ಯಾಲ್ಸೈಟ್ 3 ಅಷ್ಟೇ. ಸುಲಭವಾಗಿ ಸೀಳುತ್ತದೆ, ಆಮ್ಲ ಬೆರೆತ ನೀರಿಗೆ ಕರಗುತ್ತದೆ ಕೂಡ.

ನಿಜವಾದ ತಲೆನೋವು ಜೇಡಿ. ಬಿರುಕಿನ ಎರಡು ಒರಟು ಮೈಗಳು ಒಂದಕ್ಕೊಂದು ಕಚ್ಚಿಕೊಳ್ಳೋಕೆ ಅದು ಬಿಡಲ್ಲ, ಮೇಲೆ ನೀರು ಸೇರಿದರೆ ಜಾರಿಸಿಯೇ ಬಿಡುತ್ತದೆ, ಹಾಗಾಗಿ ಎಷ್ಟೋ ಸಲ ಖಾಲಿ ಬಿರುಕೇ ವಾಸಿ.

ದಿಕ್ಕೂ ಮುಖ್ಯ ಅಲ್ವಾ? ಭಾರ ಬೀಳುವ ದಿಕ್ಕಿಗೆ ದುರ್ಬಲ ಎಳೆ (ಖನಿಜ ತುಂಬಿದ ಬಿರುಕು) ಸುಮಾರು 30 ಡಿಗ್ರಿ ಓರೆಯಾಗಿದ್ದರೆ ಜಾರುವ ಅಪಾಯ ಜಾಸ್ತಿ. ಅನುಮಾನವಿದ್ದರೆ ಒಂದು ತುಂಡನ್ನು ಸುತ್ತಿಗೆಯಿಂದ ಒಡೆದು, ಎಳೆಯ ಗುಂಟವೇ ಬಿಟ್ಟುಕೊಳ್ಳುತ್ತಾ ನೋಡಿ.