ಊರಿನ ಸಂಘವೊಂದು ಜನಪದ ಸಂಗೀತ ಕಾರ್ಯಕ್ರಮಗಳ ಸರಣಿಯನ್ನು ಹೇಗೆ ನಡೆಸಬಹುದು?

ತಮಿಳುನಾಡಿನ ತಾಳವಾಡಿಯ ಕಡೆಯ ನಿಮ್ಮ ಸಂಘವು ಈ ವರ್ಷ ಎಂಟು ಜನಪದ ಸಂಗೀತ ಕಾರ್ಯಕ್ರಮಗಳನ್ನು ಸಾಲಾಗಿ ನಡೆಸಲು ಹೊರಟಿದೆ ಎಂದು ಬರೆದಿದ್ದೀರಿ. ಯಾವ ತಿಂಗಳುಗಳನ್ನು ಆರಿಸಿಕೊಳ್ಳಬೇಕು, ಹಾಡುಗಾರರನ್ನು ಹೇಗೆ ಕರೆಯಬೇಕು, ಅವರಿಗೆ ಏನು ಕೊಡಬೇಕು, ಇಷ್ಟೆಲ್ಲ ಮಾಡಿದರೂ ಜನ ಬರುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯವನು. ನಮ್ಮ ಊರಿನ ಕನ್ನಡ ಸಂಘದಲ್ಲಿ ಇಂಥದ್ದೇ ಸರಣಿಯನ್ನು ಒಂದು ವರ್ಷ ಕೆಡಿಸಿ, ಮರುವರ್ಷದಿಂದ ಸುಮಾರಾಗಿ ನಡೆಸಿಕೊಂಡು ಬಂದವರಲ್ಲಿ ಒಬ್ಬನಾದ್ದರಿಂದ, ಕೆಡಿಸಿದ ಕಥೆಯಿಂದಲೇ ಆರಂಭಿಸುತ್ತೇನೆ.

ಮೊದಲ ವರ್ಷ ನಾವು ಜನವರಿಯಿಂದ ಮಾರ್ಚ್‌ವರೆಗಿನ ಶನಿವಾರಗಳನ್ನು ಆರಿಸಿದೆವು. ಮಳೆಯಿಲ್ಲ, ಸೆಕೆ ಇನ್ನೂ ಏರಿಲ್ಲ, ಪೇಟೆಯ ಸಭಾಂಗಣ ಖಾಲಿಯಿದೆ ಎಂಬುದಷ್ಟೇ ನಮ್ಮ ಲೆಕ್ಕಾಚಾರವಾಗಿತ್ತು. ಎರಡನೆಯ ಕಾರ್ಯಕ್ರಮದ ದಿನವೇ ಅಲ್ಲಿಂದ ಎರಡು ಕಿಲೋಮೀಟರ್ ದೂರದಲ್ಲಿ ಯಕ್ಷಗಾನ ಮೇಳವೊಂದರ ಸೇವೆ ಆಟವಿತ್ತು, ಇನ್ನೊಂದು ದಿಕ್ಕಿನಲ್ಲಿ ತರವಾಡು, ಅಂದರೆ ಕುಟುಂಬದ ಮೂಲಮನೆಯೊಂದರಲ್ಲಿ ದೈವಾರಾಧನೆಯ ಕೋಲವಿತ್ತು. ನಮ್ಮ ಸಭಾಂಗಣದಲ್ಲಿ ಉಳಿದವರು ಕಾರ್ಯಕಾರಿ ಸಮಿತಿಯವರು, ಅವರ ಮನೆಯವರು ಮತ್ತು ಮೈಕಿನವನು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ತುಳುವಿನ ಕಥನ ಹಾಡಾದ ಪಾಡ್ದನವನ್ನು ನಮ್ಮಲ್ಲಿ ಹೇಳಬೇಕಾಗಿದ್ದ ಹಿರಿಯರೇ ಆ ಕೋಲಕ್ಕೆ ಹೋಗಿದ್ದರು. ಅಲ್ಲಿ ಪಾಡ್ದನ ಹೇಳುವುದು ಅವರ ಮನೆತನಕ್ಕೆ ಬಂದ ಹೊಣೆ. ನಮ್ಮ ಕರಪತ್ರದಲ್ಲಿ ಹೆಸರು ಅಚ್ಚಾಗಿದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟು ಬರುವುದು ಸಾಧ್ಯವಿರಲಿಲ್ಲ.

ನಮ್ಮ ಕಡೆ ಕಲೆಗಳಿಗೆ ಮೊದಲೇ ಒಂದು ಪಂಚಾಂಗವಿದೆ ಎಂಬುದನ್ನು ಆಗ ನಾವು ಲಕ್ಷ್ಯಕ್ಕೆ ತೆಗೆದುಕೊಂಡಿರಲಿಲ್ಲ. ಯಕ್ಷಗಾನ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಟರೆ, ತುಳುವಿನ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಭೂತಕೋಲ, ಉತ್ಸವಗಳೂ ಅಂದಿಗೆ ನಿಲ್ಲುತ್ತವೆ. ಪತ್ತನಾಜೆ ಬರುವುದು ಮೇ 24ರ ಸುಮಾರಿಗೆ. ಅಲ್ಲಿಂದ ಮುಂದೆ ಮಳೆಗಾಲದಲ್ಲಿ ವೇಷ ಕಟ್ಟದೆ, ಕುಳಿತೇ ಹಾಡಿ ಅರ್ಥ ಹೇಳುವ ತಾಳಮದ್ದಳೆಗಳು ಊರೂರಿನಲ್ಲಿ ನಡೆಯುತ್ತವೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಮಾರಿ ಕಳೆಯುವ ವೇಷಧಾರಿ ಆಟಿ ಕಳೆಂಜ ತೆಂಬರೆ ಎಂಬ ಚಿಕ್ಕ ಚರ್ಮವಾದ್ಯದ ಬಡಿತಕ್ಕೆ ಕುಣಿಯುತ್ತ ಮನೆಯಂಗಳಗಳಿಗೆ ಬರುತ್ತಾನೆ. ಹೆಂಗಸರು ಗದ್ದೆಯಲ್ಲಿ ಪಾಡ್ದನ ಹೇಳುವುದು ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಯ ನಾಟಿಯ ಕಾಲಕ್ಕೆ, ಅಂದರೆ ಜೂನ್ ಮತ್ತು ಜುಲೈಯಲ್ಲಿ. ಆ ದಿನಗಳಲ್ಲಿ ಇಡೀ ಹಗಲು ಬಗ್ಗಿ ದುಡಿದವರನ್ನು ಸಂಜೆ ಹಾಡಲು ಕರೆಯುವುದು ನ್ಯಾಯವಲ್ಲ. ನಾಟಿ ಮುಗಿದು ಆಟಿಯ ಬಿಡುವು ಬಂದಾಗ ಅವರಿಗೂ ಸಮಯವಿರುತ್ತದೆ, ಹಾಡೂ ಬಾಯಲ್ಲಿ ಹಸಿಯಾಗಿರುತ್ತದೆ.

ಹಾಗಾಗಿ ಎರಡನೆಯ ವರ್ಷ ನಮ್ಮ ಸರಣಿಯನ್ನು ಜುಲೈ ಮೂರನೆಯ ವಾರಕ್ಕೆ ಸರಿಸಿ, ಎರಡು ವಾರಕ್ಕೊಂದು ಭಾನುವಾರದಂತೆ, ಮಧ್ಯಾಹ್ನ 3 ಗಂಟೆಯಿಂದ ಬೆಳಕಿರುವಾಗಲೇ ಮುಗಿಯುವ ಹಾಗೆ ಇಟ್ಟುಕೊಂಡೆವು. ಅಷ್ಟಮಿ, ಚೌತಿ, ಓಣಂಗಳ ಆಸುಪಾಸಿನ ಭಾನುವಾರಗಳನ್ನು ಬಿಟ್ಟದ್ದರಿಂದ ಆರು ಕಾರ್ಯಕ್ರಮಗಳು ಮಾತ್ರ ಉಳಿದವು, ಅದು ಧಾರಾಳವಾಯಿತು.

ನಿಮ್ಮ ಊರಿನ ಪಂಚಾಂಗ ಬೇರೆ. ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗಳು ಶಿವರಾತ್ರಿ, ಯುಗಾದಿ ಮತ್ತು ದೀಪಾವಳಿಗೆ ನಡೆಯುವಾಗ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರು ನಿಮಗೆ ಸಿಗುವುದು ಕಷ್ಟ. ಮಂಟೇಸ್ವಾಮಿಯ ಕಥೆ ಹಾಡುವ ಪರಂಪರೆಯ ನೀಲಗಾರರು ಪುಷ್ಯ ಮಾಸದ ಹುಣ್ಣಿಮೆಯಿಂದ ಐದು ದಿನ ಚಿಕ್ಕಲ್ಲೂರು ಜಾತ್ರೆಯಲ್ಲಿರುತ್ತಾರೆ. ಇವುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಿ, ಉಳಿದ ದಿನಗಳಲ್ಲಿ ನಿಮ್ಮ ಎಂಟನ್ನು ಹುಡುಕಿ. ಸಭಾಂಗಣದ ಬಾಡಿಗೆ ಪುಸ್ತಕದಲ್ಲಿ ಖಾಲಿಯಿರುವ ದಿನಗಳನ್ನು ಮೊದಲು ನೋಡಿದರೆ ನಮ್ಮ ಮೊದಲ ವರ್ಷದ ಗತಿಯೇ ಆಗುತ್ತದೆ.

ಮಳೆಗಾಲಕ್ಕೆ ಸರಿದದ್ದರಿಂದ ಬಂದ ತೊಂದರೆಗಳನ್ನೂ ಹೇಳಬೇಕು. ನಮ್ಮ ಮೊದಲ ಆಯ್ಕೆ ಸದಸ್ಯರೊಬ್ಬರ ಮನೆಯ ಅಡಿಕೆ ಒಣಗಿಸುವ ಅಂಗಳವಾಗಿತ್ತು. ಅದಕ್ಕೆ ಶೀಟಿನ ಮಾಡು ಹಾಕಿದ್ದರು, ನೂರು ಜನ ಕೂರುವಷ್ಟು ಜಾಗವಿತ್ತು. ಮಳೆ ಹಿಡಿದ ಕೂಡಲೇ ಶೀಟಿನ ಮೇಲೆ ಬಿದ್ದ ನೀರಿನ ಸದ್ದಿಗೆ ಹಾಡುಗಾರರ ತುಟಿಯಲುಗಾಟ ಮಾತ್ರ ಕಂಡಿತು. ಮೈಕಿನ ಸದ್ದು ಏರಿಸಿದರೆ ಅದು ಕೂಗತೊಡಗಿತು. ಮುಂದಿನ ಸಲದಿಂದ ಹಂಚಿನ ಮಾಡಿನ ಹಳೆಯ ಶಾಲಾ ಕೊಠಡಿಗೆ ಹೋದೆವು, ಮಧ್ಯದ ತಟ್ಟಿಗಳನ್ನು ತೆಗೆದರೆ ಮೂರು ಕೊಠಡಿ ಒಂದಾಗುತ್ತಿತ್ತು. ಹಂಚಿನಡಿಯಲ್ಲಿ ಮಳೆಯೂ ಕೇಳುತ್ತದೆ, ಹಾಡೂ ಕೇಳುತ್ತದೆ. ಇನ್ನೊಂದು, ಚರ್ಮವಾದ್ಯಗಳು ತೇವಕ್ಕೆ ಸಡಿಲವಾಗುತ್ತವೆ. ಚೆಂಡೆ, ಮದ್ದಳೆ, ತೆಂಬರೆ, ಡೋಲು ಯಾವುದೇ ಇರಲಿ, ಕಾಯಿಸಿಕೊಳ್ಳಲು ಜಗಲಿಯ ಮೂಲೆಯಲ್ಲಿ ಒಂದು ಬಾಣಲೆ ಕೆಂಡ ಮತ್ತು ಅದನ್ನು ನೋಡಿಕೊಳ್ಳಲು ಒಬ್ಬ ಹುಡುಗ ಬೇಕು. ಸಭಾಂಗಣಗಳಲ್ಲಿ ಬೆಂಕಿಗೆ ಅನುಮತಿ ಸಿಗದಿದ್ದರೆ ಪ್ರಖರವಾದ ಬಲ್ಬಿನ ಕೆಳಗಾದರೂ ವಾದ್ಯಗಳನ್ನಿಡಬಹುದು, ಆದರೆ ವಾದ್ಯದವರಿಗೆ ಅದರಿಂದ ಸಮಾಧಾನವಾಗುವುದನ್ನು ನಾನು ಕಂಡಿಲ್ಲ.

ಮೊದಲ ವರ್ಷದ ಇನ್ನೊಂದು ತಪ್ಪು, ಒಂದೇ ಸಂಜೆಗೆ ಐದಾರು ತಂಡಗಳನ್ನು ಕರೆದು ತಲಾ 20 ನಿಮಿಷ ಕೊಟ್ಟದ್ದು. ಶಾಲಾ ವಾರ್ಷಿಕೋತ್ಸವಕ್ಕೆ ಆ ಕ್ರಮ ಸರಿ. ಪಾಡ್ದನದಂಥ ಕಥನಗಳಿಗೆ ಅದು ಒಗ್ಗುವುದಿಲ್ಲ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ಜನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ 1990ರಲ್ಲಿ ದಾಖಲಿಸಿಕೊಂಡಾಗ ಅದು 15,683 ಸಾಲುಗಳಾಯಿತು. ಅಂಥದ್ದರಿಂದ 20 ನಿಮಿಷ ಕತ್ತರಿಸಿ ಕೊಡಿ ಎಂದು ಕೇಳಿದರೆ ಹಾಡುಗಾರರು ಸಭ್ಯತೆಗೆ ತಲೆಯಾಡಿಸುತ್ತಾರೆ, ಏನನ್ನೋ ಹೇಳಿ ಇಳಿಯುತ್ತಾರೆ, ಕಥೆ ಮಾತ್ರ ಹುಟ್ಟುವುದೇ ಇಲ್ಲ. ಈಗ ಒಂದು ಸಂಜೆಗೆ ಒಂದೇ ಪರಂಪರೆ, ಹೆಚ್ಚೆಂದರೆ ಎರಡು. ಒಂದು ಪ್ರಸಂಗ ಮುಗಿಯುವವರೆಗೆ ಗಡಿಯಾರ ನೋಡುವ ಹಕ್ಕು ಯಾರಿಗೂ ಇಲ್ಲ.

ಹಾಡುವ ಭಂಗಿಯನ್ನೂ ಅವರಿಗೇ ಬಿಡಬೇಕು. ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿಯನ್ನು ಮೈಕಿನ ಕಂಬದ ಮುಂದೆ ಒಬ್ಬರನ್ನೇ ನಿಲ್ಲಿಸಿದಾಗ ಅವರು ನಾಲ್ಕು ಸಾಲು ಹೇಳಿ ಸುಮ್ಮನಾದರು. ಮರೆತುಹೋಯಿತೇ ಎಂದು ಕೇಳಿದೆ. "ಮರೆತದ್ದಲ್ಲ ಮಗಾ, ಹಿಂದಿನಿಂದ ಹೇಳುವವರಿಲ್ಲದಿದ್ದರೆ ಮುಂದಿನದ್ದು ಬಾಯಿಗೆ ಬರುವುದು ಹೇಗೆ?" ಎಂದರು. ಗದ್ದೆಯಲ್ಲಿ ಒಬ್ಬರು ಸಾಲನ್ನು ಎತ್ತಿದರೆ ಉಳಿದವರು "ಓ ಬೇಲೆ" ಎಂದು ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲು ಕೇಳುವವರಿಗೆ ಅಲಂಕಾರದಂತೆ ತೋರಬಹುದು, ಹಾಡುವವರಿಗೆ ಅದು ಮುಂದಿನ ಸಾಲನ್ನು ನೆನೆದುಕೊಳ್ಳುವ ಬಿಡುವು. ಮುಂದಿನ ಸಲ ಅವರ ಜೊತೆಗೆ ನೆರೆಮನೆಯ ನಾಲ್ವರನ್ನು ಕರೆಸಿ, ಐವರನ್ನೂ ಚಾಪೆಯ ಮೇಲೆ ಅರ್ಧ ವೃತ್ತದಲ್ಲಿ ಕೂರಿಸಿ, ಎರಡು ಮೈಕುಗಳನ್ನು ಒಂದು ಮಾರು ದೂರದಲ್ಲಿಟ್ಟೆವು. ಮುಕ್ಕಾಲು ಗಂಟೆ ನಿಲ್ಲಿಸದೆ ಹೇಳಿದರು. ಚೆಂಡೆಗೆ ಮಾತ್ರ ಮೈಕ್ ಇಡಬೇಡಿ. ಮೈಕಿನವರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ.

ಕರೆಯುವ ರೀತಿಯ ಬಗ್ಗೆ ನಾನು ಸ್ವಲ್ಪ ಕಠಿಣವಾಗಿಯೇ ಬರೆಯುತ್ತೇನೆ. ನಮ್ಮ ಕಡೆಯ ಹಾಡುಗಾರರಲ್ಲಿ, ವಾದ್ಯದವರಲ್ಲಿ ಹಲವರು ಊರು ತಲೆಮಾರುಗಳಿಂದ ಅಂಗಳದ ಹೊರಗೇ ನಿಲ್ಲಿಸಿದ ಸಮುದಾಯಗಳವರು. ಕೊರಗರನ್ನು ಉತ್ಸವಗಳಲ್ಲಿ ಕಡ್ಡಾಯವಾಗಿ ಡೋಲು ಬಾರಿಸಲು ಕರೆಯುವುದೂ ಅವರನ್ನು ಕೀಳಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಎಂಬ ಪದ್ಧತಿಯ ಭಾಗವಾಗಿತ್ತು, ಮತ್ತು ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಆ ನೆನಪಿರುವ ಮನೆಗೆ ಹೋಗಿ "ಭಾನುವಾರ ಡೋಲು ತಕ್ಕೊಂಡು ಬನ್ನಿ" ಎಂದರೆ, ನಾವು ಅದನ್ನು ಕಲೆಯ ಗೌರವ ಎಂದುಕೊಂಡರೂ ಅವರ ಕಿವಿಗೆ ಹಳೆಯ ಹುಕುಮಿನಂತೆಯೇ ಕೇಳೀತು. ಆದ್ದರಿಂದ ಒಂದು ತಿಂಗಳು ಮೊದಲೇ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಬರಲು ಮನಸ್ಸಿದೆಯೇ, ಯಾವುದನ್ನು ವೇದಿಕೆಯ ಮೇಲೆ ಹೇಳಬಹುದು, ಯಾವುದನ್ನು ಹೇಳಬಾರದು ಎಂದು ಕೇಳುತ್ತೇವೆ. ದೈವಕ್ಕೆ ಸಂಬಂಧಿಸಿದ ಕೆಲವು ಭಾಗಗಳನ್ನು ಕೋಲದ ಹೊರಗೆ ಹೇಳುವುದಿಲ್ಲ ಎಂದವರಿದ್ದಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಸಂಭಾವನೆಯಾಗಿ ತೋಟದ ಕೆಲಸದ ಎರಡು ದಿನದ ಸಂಬಳದಷ್ಟನ್ನು ಪ್ರತಿಯೊಬ್ಬರಿಗೂ ಕೊಡುತ್ತೇವೆ, ಸೊಲ್ಲು ಹಿಡಿಯುವವರಿಗೂ ಮುಖ್ಯ ಹಾಡುಗಾರ್ತಿಗೆ ಕೊಟ್ಟಷ್ಟೇ. ಲಕೋಟೆಯನ್ನು ಹಾಡುವ ಮೊದಲೇ ಕೈಗೆ ಕೊಡುತ್ತೇವೆ. ಕರೆತರಲು ಮತ್ತು ಮರಳಿ ಬಿಡಲು ಜೀಪು ನಮ್ಮದು. ಕಾರ್ಯಕ್ರಮದ ನಂತರದ ಸಜ್ಜಿಗೆ-ಬಜಿಲು, ಚಹಾ ಎಲ್ಲರಿಗೂ ಒಂದೇ ಸಾಲಿನಲ್ಲಿ. ಇದಕ್ಕೆ ಮುಖ ಸಿಂಡರಿಸಿದ ಒಬ್ಬಿಬ್ಬರು ಮುಂದಿನ ವರ್ಷ ಚಂದಾ ಕೊಡಲಿಲ್ಲ, ಸಂಘ ಬಡವಾಗಲಿಲ್ಲ.

ವಿಡಿಯೋದಿಂದ ಒಮ್ಮೆ ನಾವೇ ಪೆಟ್ಟು ತಿಂದಿದ್ದೇವೆ. ಸಭಿಕರೊಬ್ಬರು ಎರಡು ನಿಮಿಷದ ತುಣುಕನ್ನು, ಹಾಡುಗಾರ್ತಿಯ ಜಾತಿಯನ್ನು ತಲೆಬರಹದಲ್ಲಿ ಹಾಕಿ ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಮಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗಳು ಫೋನ್ ಮಾಡಿ ಕೇಳಿದ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಚಿತ್ರೀಕರಣ ಸಂಘದ ಒಬ್ಬರಿಂದ ಮಾತ್ರ, ಅದೂ ಹಾಡುಗಾರರು ಒಪ್ಪಿದರೆ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಅವರ ಮನೆಗೆ ತಲುಪಿದ ಮೇಲೆಯೇ ಉಳಿದದ್ದು.

ಕನ್ನಡ ಸಂಘದ ವೇದಿಕೆಯಲ್ಲಿ ತುಳು, ಮರಾಟಿ, ಮಲಯಾಳಂ ಹಾಡುಗಳೇಕೆ ಎಂಬ ಪ್ರಶ್ನೆ ನಮ್ಮ ಸಮಿತಿಯಲ್ಲಿಯೂ ಎದ್ದಿತ್ತು. ನಿಮ್ಮಲ್ಲಿ ತಮಿಳಿನ ಬಗ್ಗೆ ಏಳಬಹುದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ನೆಲದಲ್ಲಿ ಕನ್ನಡವನ್ನು ಉಳಿಸಿಕೊಳ್ಳುವ ಆತಂಕದಿಂದ ಬಂದ ಪ್ರಶ್ನೆಯದು, ತಳ್ಳಿಹಾಕುವಂಥದ್ದಲ್ಲ. ಆದರೆ ಇಲ್ಲಿ ಕನ್ನಡವನ್ನು ಬೆಳೆಸಿದವರೆಲ್ಲ ಮನೆಯಲ್ಲಿ ಕನ್ನಡ ಆಡಿದವರಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದಿಂದ ಬಂದ ಯಕ್ಷಗಾನದ ಕನ್ನಡವನ್ನು ರಾತ್ರಿಯಿಡೀ ಕುಳಿತು ಕೇಳಿ ಉಳಿಸಿದ ಸಭೆಯಲ್ಲಿ ಬಹುಪಾಲು ಜನ ಮನೆಗೆ ಹೋಗಿ ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡುವವರೇ. ಆದ್ದರಿಂದ ಹಾಡು ಯಾವ ಭಾಷೆಯದ್ದಾದರೂ ಇರಲಿ, ಅದರ ಕಥೆಯನ್ನು ಮೊದಲು ಐದು ನಿಮಿಷ ಕನ್ನಡದಲ್ಲಿ ಹೇಳುವುದು, ಕರಪತ್ರ ಕನ್ನಡದಲ್ಲಿರುವುದು ಎಂದು ತೀರ್ಮಾನಿಸಿದೆವು. ಮರಾಟಿ ಸಮುದಾಯದವರ ಗೊಂದೋಳು ಹಾಡುಗಳ ಸಂಜೆಗೆ ಆ ವರ್ಷದಲ್ಲೇ ಅತಿ ಹೆಚ್ಚು ಹೊಸ ಮುಖಗಳು ಬಂದಿದ್ದವು.

ಉಳಿದ ವಿಷಯಗಳು ಚಿಕ್ಕವು. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಮೊದಲೇ ಪಡೆಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ, ನೀಲಗಾರರ ರಾತ್ರಿಯಿಡೀ ನಡೆಯುವ ಕಥೆಯನ್ನು ಯೋಚಿಸಿದ್ದರೆ ಮೈಕಿಲ್ಲದೆ ಯೋಚಿಸಿ. ಸಂಘವನ್ನು ನೋಂದಾಯಿಸದಿದ್ದರೆ ಅನುದಾನದ ಬಾಗಿಲು ತೆರೆಯುವುದಿಲ್ಲ. ನಮ್ಮ ಮಲಬಾರ್ ಭಾಗಕ್ಕೆ 1860ರ ಕಾಯ್ದೆ, ನಿಮ್ಮ ತಮಿಳುನಾಡಿಗೆ 1975ರದ್ದು, ಎರಡರಲ್ಲೂ ಕನಿಷ್ಠ 7 ಮಂದಿ ಬೇಕು. ಗಡಿಯಾಚೆಯ ಕನ್ನಡ ಕಾರ್ಯಕ್ರಮಗಳಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ನೆರವು ಕೊಡುತ್ತದೆ, ಅರ್ಜಿ ಹಾಕಿ. ಆದರೆ ಆ ಹಣ ಬಂದೇ ಬರುತ್ತದೆಂದು ನಂಬಿ ದಿನ ಗೊತ್ತುಮಾಡಬೇಡಿ. ಸಭಾ ಕಾರ್ಯಕ್ರಮ ಬೇಡವೇ ಬೇಡ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಶಾಲು, ಸ್ಮರಣಿಕೆ ಎಲ್ಲ ಸೇರಿ ಮೊದಲ ವರ್ಷ ಒಂದೂವರೆ ಗಂಟೆ ತಿಂದಿದ್ದವು, ಹಾಡುಗಾರರು ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದರು.

ಜನ ಬರುತ್ತಾರೆಯೇ? ನಮ್ಮಲ್ಲಿ ಮೊದಲ ಸಂಜೆಗೆ ನಲವತ್ತು ಮಂದಿ, ಮೂರನೆಯದಕ್ಕೆ ಇಪ್ಪತ್ತೆರಡು (ಅಂದು ಊರಿನಲ್ಲಿ ಎರಡು ಗೃಹಪ್ರವೇಶಗಳಿದ್ದವು), ಈಗ ಅರವತ್ತರಿಂದ ಎಪ್ಪತ್ತರ ಆಸುಪಾಸಿನಲ್ಲಿ ನಿಂತಿದೆ. ಅವರಲ್ಲಿ ಮೂರನೆಯ ಒಂದು ಪಾಲು ಹಾಡುಗಾರರ ನೆಂಟರು ಮತ್ತು ನೆರೆಕರೆಯವರು. ಅವರಿಗೆ ಮುಂದಿನ ಸಾಲನ್ನು ಬಿಟ್ಟುಕೊಡಿ. ಮೊದಲ ವರ್ಷವೇ ಎಂಟು ಎಂದರೆ ನನಗೆ ಹೆಚ್ಚೆನಿಸುತ್ತದೆ, ನಾಲ್ಕು ಸಾಕು. ಚಿಕ್ಕಲ್ಲೂರು ಜಾತ್ರೆ ಮುಗಿಸಿಕೊಂಡು ನೀಲಗಾರರು ಮನೆಗೆ ಬಂದು ಒಂದು ವಾರ ಕಳೆಯಲಿ, ಆಮೇಲೆ ನಿಮ್ಮಲ್ಲಿ ಇಬ್ಬರು ಹೋಗಿ ಯಾವ ದಿನ ಆದೀತು ಎಂದು ಕೇಳಿ. ಅವರು ದಿನ ಹೇಳಿದ ಮೇಲೆ ಕರಪತ್ರವನ್ನು ಅಚ್ಚಿಗೆ ಕೊಡಿ.