ಗೋಡೆಗೆ ಕೈ ಹಾಕಿ, ಸೀಲಿಂಗ್ ಸದ್ಯಕ್ಕೆ ಬಿಡಿ

ಪ್ರಶ್ನೆ: ಮಲಗುವ ಕೋಣೆಯ ಇಟ್ಟಿಗೆ ಗೋಡೆಯಲ್ಲಿ ಹಳೆಯ ಗಾರೆ ಅಲ್ಲಲ್ಲಿ ಉದುರಿದೆ. ಕಾಂಕ್ರೀಟ್ ಸೀಲಿಂಗ್ ಕೂಡ ಒಂದು ಕಡೆ ಉಬ್ಬಿಕೊಂಡಿದೆ. ಎರಡನ್ನೂ ನಾನೇ ಪ್ಲಾಸ್ಟರ್ ಮಾಡಬೇಕೆಂದಿದ್ದೇನೆ. ಕರಣೆ ಹಿಡಿದು ಅಭ್ಯಾಸವಿಲ್ಲ. ಗೋಡೆಯ ಮೂಲೆಯಲ್ಲಿ ಸ್ವಲ್ಪ ಮಾಡಿ ನೋಡಿದೆ. ಕೆಲವೇ ದಿನಗಳಲ್ಲಿ ಮೇಲೆಲ್ಲ ಕೂದಲೆಳೆ ಬಿರುಕು, ತಟ್ಟಿದರೆ ಟೊಳ್ಳು ಸದ್ದು. ಎಲ್ಲಿ ಎಡವಿದೆ?

ಉತ್ತರ: ಬಿರುಕು ಬೇರೆ, ಟೊಳ್ಳು ಸದ್ದು ಬೇರೆ. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಹಿಡಿದಿಲ್ಲ ಎಂದರ್ಥ. ಬಿರುಕುಗಳಿಗೆ ಕಾರಣ ಆಮೇಲೆ ನೋಡೋಣ.

ಒಣ ಇಟ್ಟಿಗೆಯ ಮೇಲೆ ಗಾರೆ ಬಿದ್ದ ಕೂಡಲೇ ಇಟ್ಟಿಗೆ ಅದರ ನೀರನ್ನು ಹೀರಿಬಿಡುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಕೂಡಿ. ನೀರು ಕಳೆದುಕೊಂಡ ಗಾರೆ ಅಂಟಬೇಕಾದ ಜಾಗದಲ್ಲೇ ಪುಡಿಯಾಗಿ ಉಳಿಯುತ್ತದೆ. ಹಾಗಾಗಿ ಕೆಲಸದ ಅರ್ಧ ಭಾಗ ಕರಣೆ ಎತ್ತುವ ಮೊದಲೇ ಇದೆ. ಟೊಳ್ಳಾದ ಹಳೆ ಗಾರೆಯನ್ನು ಗಟ್ಟಿ ಸದ್ದು ಬರುವ ಅಂಚಿನವರೆಗೂ ಕೆಡವಿ. ಅರೆಬರೆ ಹಿಡಿದಿರುವುದನ್ನು ಕನಿಕರಪಟ್ಟು ಬಿಡಬೇಡಿ. ಇಟ್ಟಿಗೆಗಳ ಸಂದನ್ನು ಸುಮಾರು 10 ಮಿಲಿಮೀಟರ್ ಕೆದಕಿ, ತಂತಿ ಬ್ರಷ್‌ನಿಂದ ದೂಳು ತೆಗೆದು, ಚೆನ್ನಾಗಿ ನೀರು ಹೊಡೆಯಿರಿ. ಸ್ವಿಚ್ ಬೋರ್ಡ್ ಇರುವ ಗೋಡೆಯಾದರೆ ಮೊದಲು ಮೇನ್ ಸ್ವಿಚ್ ಆರಿಸಿ. ಸ್ವಲ್ಪ ಹೊತ್ತು ಬಿಟ್ಟು ಒಂದು ಹಿಡಿ ನೀರು ಎರಚಿ ನೋಡಿ. ಎರಚಿದ ಕ್ಷಣವೇ ಮಾಯವಾದರೆ ಗೋಡೆಗೆ ಇನ್ನೂ ದಾಹವಿದೆ. ನೀರು ಹೊಳೆಯುತ್ತ ಇಳಿದುಬಂದರೆ ಕಾಯಬೇಕು. ಒದ್ದೆಯಾಗಿದ್ದೂ ಹೊಳಪಿಲ್ಲದ ಸ್ಥಿತಿಯೇ ಸರಿಯಾದ ಹದ.

ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಐದರಿಂದ ಆರು ಪಾಲು ಜರಡಿ ಹಿಡಿದ ಮರಳು ಸಾಕು. ಸಿಮೆಂಟು ಜಾಸ್ತಿಯಾದರೆ ಗೋಡೆ ಗಟ್ಟಿ ಎಂಬುದು ಭ್ರಮೆ. ಹೆಚ್ಚಾದಷ್ಟೂ ಗಾರೆ ಕುಗ್ಗುತ್ತದೆ, ಕುಗ್ಗಿದಷ್ಟೂ ಬಿರುಕು. ನೀರು ಸೇರಿಸಿದ ಅರ್ಧ ಗಂಟೆಯೊಳಗೆ ಬಳಸಿ ಮುಗಿಸುವಷ್ಟನ್ನೇ ಕಲಸಿ. ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಹಾಕಿ ಮೆತ್ತಗೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಬಿಸಾಡುವುದೇ ಲಾಭ.

ಗಾರೆಯನ್ನು ಮೆತ್ತಬೇಡಿ, ರಭಸದಿಂದ ಎರಚಿ. ಹಾಗೆ ಬಿದ್ದದ್ದು ಸಂದುಗಳೊಳಗೆ ನುಗ್ಗಿ ಹಿಡಿದುಕೊಳ್ಳುತ್ತದೆ. ದಪ್ಪ 12ರಿಂದ 15 ಮಿಲಿಮೀಟರ್ ಇರಲಿ. 20 ದಾಟುವಂತಿದ್ದರೆ ಎರಡು ಪದರ ಮಾಡಿ, ಮೊದಲ ಪದರಕ್ಕೆ ಹಸಿ ಇರುವಾಗಲೇ ಗೀರು ಹಾಕಿಡಿ. ಆಮೇಲೆ ಅಲ್ಯೂಮಿನಿಯಂ ಪಟ್ಟಿಯನ್ನು ಅತ್ತಿತ್ತ ಆಡಿಸುತ್ತ ಮೇಲಕ್ಕೆ ಎಳೆದು ಮಟ್ಟ ಮಾಡಿ. ತಗ್ಗು ಕಂಡಲ್ಲಿ ತುಂಬಿ ಮತ್ತೆ ಎಳೆಯಿರಿ.

ಇನ್ನು ಬಿರುಕು. ನಯ ಬರಲಿ ಎಂದು ಉಕ್ಕಿನ ಕರಣೆಯಿಂದ ಉಜ್ಜಿದ್ದೇ ಉಜ್ಜಿದರೆ ಸಿಮೆಂಟಿನ ಹಾಲು ಮೇಲಕ್ಕೆ ಬಂದು ಕೂರುತ್ತದೆ. ಆ ತೆಳು ಪದರ ಕೆಳಗಿನದಕ್ಕಿಂತ ಹೆಚ್ಚು ಕುಗ್ಗಿ ಸೀಳುತ್ತದೆ. ನೀರು ಹೆಚ್ಚಾಯಿತೆಂದು ಒಣ ಸಿಮೆಂಟು ಉದುರಿಸುವುದರ ಫಲವೂ ಅದೇ. ಹೆಬ್ಬೆರಳು ಒತ್ತಿದಾಗ ಸಣ್ಣ ಗುರುತು ಬಿದ್ದು, ಗಾರೆ ಬೆರಳಿಗೆ ಅಂಟದಿದ್ದಾಗ ಮರದ ಉಜ್ಜುಹಲಗೆಯನ್ನು ವೃತ್ತಾಕಾರವಾಗಿ ಆಡಿಸಿ, ಅಲ್ಲಿಗೆ ನಿಲ್ಲಿಸಿ. ನಯ ಬೇಕಿದ್ದರೆ ಮುಂದೆ ಬಣ್ಣಕ್ಕೆ ಮೊದಲು ಬಳಿಯುವ ಪುಟ್ಟಿ ಇದೆಯಲ್ಲ. ಮರುದಿನದಿಂದ ಕನಿಷ್ಠ 7 ದಿನ ಗೋಡೆ ಒಣಗದಂತೆ ನೀರುಣಿಸಿ. ನೀವು ಇದನ್ನು ಮಾಡಿದಿರೋ ಇಲ್ಲವೋ ಬರೆದಿಲ್ಲ. ಮಾಡಿಲ್ಲ ಎಂದೇ ನನ್ನ ಅನುಮಾನ.

ಸೀಲಿಂಗ್ ವಿಷಯಕ್ಕೆ ಬಂದರೆ, ಬೇಡ ಎನ್ನುತ್ತೇನೆ. ಅಲ್ಲಿ ಪದರ 6 ಮಿಲಿಮೀಟರ್ ಮಾತ್ರ, ಗಾರೆಯ ಪಾಲು ಒಂದಕ್ಕೆ ನಾಲ್ಕು, ಹಿಡಿಯದಿದ್ದರೆ ತಲೆಯ ಮೇಲೇ ಬೀಳುತ್ತದೆ. ಕಾಂಕ್ರೀಟು ಇಟ್ಟಿಗೆಯಂತೆ ನೀರು ಹೀರುವುದಿಲ್ಲ. ನುಣುಪಾದ ಮೈಗೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹೊಡೆಯದೆ ಗಾರೆ ನಿಲ್ಲದು. ಅದಕ್ಕಿಂತ ಮುಖ್ಯವಾಗಿ, ಆ ಉಬ್ಬು ಯಾಕೆ ಬಂತು? ಒಳಗಿನ ಕಂಬಿ ತುಕ್ಕು ಹಿಡಿದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನೇ ಕೆಳಕ್ಕೆ ನೂಕುತ್ತದೆ. ಕಂದು ಕಲೆಯೋ ಕಂಬಿಯೋ ಕಂಡರೆ ಅದು ಗಾರೆ ಕೆಲಸವಲ್ಲ, ಎಂಜಿನಿಯರ್‌ಗೆ ತೋರಿಸಿ. ಅಲ್ಲಿಯವರೆಗೆ ಮಂಚವನ್ನು ಅದರ ಕೆಳಗಿಂದ ಸರಿಸಿಡಿ.

ಕೈಗವಸು, ಕನ್ನಡಕ ಎರಡೂ ಇರಲಿ. ಹಸಿ ಸಿಮೆಂಟು ತೀವ್ರ ಕ್ಷಾರ, ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ, ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರ ಬಳಿ ಹೋಗಿ.

ಪ್ರಶ್ನೆ: ಜಿಪ್ಸಮ್ ಪ್ಲಾಸ್ಟರ್ ತಂದೆ. ಮೊದಲ ಬಕೆಟ್ ಆರಾಮಾಗಿ ಮುಗಿಯಿತು. ಎರಡನೆಯದು ಅರ್ಧ ಬಳಸುವಷ್ಟರಲ್ಲಿ ಕಲ್ಲಾಯಿತು. ಮಾಲು ಕಳಪೆಯೇ?

ಉತ್ತರ: ಮಾಲಿಗಿಂತ ಮೊದಲು ಬಕೆಟ್ಟನ್ನು ಅನುಮಾನಿಸಿ. ಗಟ್ಟಿಯಾದ ಜಿಪ್ಸಮ್‌ನ ಹರಳುಗಳು ಹೊಸ ಮಿಶ್ರಣಕ್ಕೆ ಹೆಪ್ಪು ಹಾಕಿದಂತೆ. ಅವುಗಳ ಸುತ್ತ ಹೊಸ ಹರಳುಗಳು ಬೇಗ ಬೆಳೆಯುತ್ತವೆ. ಪ್ರತಿ ಸಲವೂ ಬಕೆಟ್, ಕರಣೆ, ಕಲಸುವ ಕಡ್ಡಿ ಎಲ್ಲವನ್ನೂ ತೊಳೆದು, ಶುದ್ಧ ನೀರು ಹಾಕಿ, ನೀರಿನ ಮೇಲೆ ಪುಡಿ ಸುರಿಯಿರಿ. ಪುಡಿಯ ಮೇಲೆ ನೀರು ಸುರಿದರೆ ಗಂಟುಗಳಾಗುತ್ತವೆ. ಇದಕ್ಕೆ ಕ್ಯೂರಿಂಗ್, ಅಂದರೆ ದಿನಗಟ್ಟಲೆ ನೀರುಣಿಸುವುದು, ಬೇಡ. ಬಚ್ಚಲುಮನೆಗೆ, ಹೊರಗೋಡೆಗೆ ಮಾತ್ರ ಬಳಸಬೇಡಿ, ತೇವ ತಗಲಿದರೆ ಮೆತ್ತಗಾಗುತ್ತದೆ.

ಪ್ರಶ್ನೆ: ಸಿಮೆಂಟ್ ಪ್ಲಾಸ್ಟರ್ ಆದಮೇಲೆ ಬಣ್ಣ ಯಾವಾಗ?

ಉತ್ತರ: ಸುಮಾರು 4 ವಾರ ಬಿಡಿ. ಹಸಿ ಗೋಡೆಯ ಕ್ಷಾರ ಬಣ್ಣವನ್ನು ಕೆಡಿಸುತ್ತದೆ, ಒಳಗಿನ ತೇವ ಗುಳ್ಳೆ ಎಬ್ಬಿಸುತ್ತದೆ. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.