ಹಳೆಯ ಎಂಜಿಬಿಗೆ (ಬ್ರಿಟನ್ನಿನ ಸ್ಪೋರ್ಟ್ಸ್ ಕಾರು) ಹೊಸ ಸ್ವೇ ಬಾರ್ ಲಿಂಕ್ ಹಾಕಿಸಿದರೆ ವಾಲುವುದು ಕಡಿಮೆ ಆಗುತ್ತದಾ?

ದೇವರಾಯನದುರ್ಗದ ತಿರುವುಗಳಲ್ಲಿ ಕಾರು ಜಾಸ್ತಿ ವಾಲುತ್ತದೆ, ಹಂಪ್ ಮೇಲೆ ಮುಂದುಗಡೆ ಟಕ್ ಟಕ್ ಶಬ್ದ ಬರುತ್ತದೆ ಅಂದಿದ್ದೀರಿ. ಸವೆದ ಲಿಂಕ್‌ನಿಂದಲೇ ಆ ಶಬ್ದ ಬರುತ್ತಿದ್ದರೆ, ಹೊಸದು ಹಾಕಿಸಿದಾಗ ಹೋಗುತ್ತದೆ. ವಾಲುವುದು ಮಾತ್ರ ಅಷ್ಟಾಗಿ ಕಡಿಮೆ ಆಗುವುದಿಲ್ಲ.

ಸ್ವೇ ಬಾರ್ ಅಂದರೆ ಎಡ ಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ಉಕ್ಕಿನ ಸರಳು. ಅದರ ತುದಿಯನ್ನು ಚಕ್ರ ಹಿಡಿದಿರುವ ಕೆಳಗಿನ ಆರ್ಮ್‌ಗೆ ಜೋಡಿಸುವುದಷ್ಟೇ ಲಿಂಕ್ ಕೆಲಸ. ವಾಲದಂತೆ ಹಿಡಿಯುವುದು ಬಾರ್. ಅದೇ ಆಕಾರದ ಬಾರ್ ಶೇ. 10 ದಪ್ಪವಾದರೆ ಅದರ ಬಿಗಿ ಸುಮಾರು ಶೇ. 46 ಹೆಚ್ಚುತ್ತದೆ. ಆದರೆ ಲಿಂಕ್‌ನ ಬುಷ್ (ಕೀಲಿನಲ್ಲಿರುವ ರಬ್ಬರ್ ಸುತ್ತು) ಸವೆದಿದ್ದರೆ ಕಾರು ಸ್ವಲ್ಪ ವಾಲಿದ ಮೇಲೆಯೇ ಬಾರ್ ಕೆಲಸ ಶುರು ಮಾಡುತ್ತದೆ. ಹೊಸ ಲಿಂಕ್‌ನಿಂದ ಆ ತಡ ಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಗೊತ್ತಾಗುತ್ತದೆ.

ರಾಡ್ ಎಂಡ್ (ಲೋಹದ ಗುಂಡು ಕೀಲು) ಇರುವ ಲಿಂಕ್ ರೇಸ್ ಟ್ರ್ಯಾಕ್‌ಗೆ ಸರಿ. ನಮ್ಮ ತುಮಕೂರಿನ ಧೂಳಿಗೆ ಅದು ಬೇಗ ಸವೆದು ಮತ್ತೆ ಸದ್ದು ಮಾಡುತ್ತದೆ. ದಿನಾ ಓಡಿಸುವ ಕಾರಿಗೆ ರಬ್ಬರ್ ಅಥವಾ ಪಾಲಿಯುರೆಥೇನ್ ಬುಷ್ ಇರುವುದೇ ನನ್ನ ಆಯ್ಕೆ.

ಎರಡೂ ಕಡೆ ಒಟ್ಟಿಗೆ ಬದಲಾಯಿಸಿ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಬೋಲ್ಟ್ ಕೂರುವುದಿಲ್ಲ. ಮೆಕ್ಯಾನಿಕ್‌ಗೆ ಸುಮ್ನೆ ಸುತ್ತಿಗೆಯಲ್ಲಿ ಬಡಿಯಲು ಬಿಡಬೇಡಿ, ಎರಡೂ ಚಕ್ರ ಒಂದೇ ಎತ್ತರಕ್ಕೆ ತರಲು ಹೇಳಿ. ಕೊನೆಯ ಬಿಗಿ ಮಾತ್ರ ಕಾರಿನ ಭಾರ ಚಕ್ರದ ಮೇಲಿರುವಾಗಲೇ ಆಗಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಲಾಕ್ ನಟ್ (ತಾನಾಗಿ ಸಡಿಲವಾಗದ ನಟ್) ಹೊಸದೇ ಹಾಕಿಸಿ.